ಪ್ಯಾಕೇಜ್ ಕಟ್ಟುವಾಗ ಯಾವ ಫೀಚರ್ ಇಡಬೇಕು, ಯಾವುದನ್ನು ಬಿಡಬೇಕು

ಹೋದ ವರ್ಷ ಲಗ್ನದ ಸೀಸನ್‌ನಲ್ಲಿ ಒಂದು ದಿನ ಬೆಳಿಗ್ಗೆ ಏಳಕ್ಕೇ ಫೋನ್ ಬಂತು. ಬಾಗಲಕೋಟೆಯದೇ ಒಂದು ಪ್ರಿಂಟಿಂಗ್ ಪ್ರೆಸ್, ಲಗ್ನಪತ್ರಿಕೆ ಕೆಲಸ ಜಾಸ್ತಿ. ಲಕೋಟೆಗಳ ಮೇಲೆ ಹೆಸರು ಹಾಕುವುದಕ್ಕೆ ನಾನು ಅವರಿಗೊಂದು ಚಿಕ್ಕ ಸ್ಕ್ರಿಪ್ಟ್ ಬರೆದುಕೊಟ್ಟಿದ್ದೆ. ಹೆಸರುಗಳ ಪಟ್ಟಿ ಕೊಟ್ಟರೆ ಸಾಕು, ಇಮೇಜ್‌ಮ್ಯಾಜಿಕ್ ಅನ್ನೋ ಪ್ರೋಗ್ರಾಂ ಒಂದೊಂದು ಹೆಸರಿಗೆ ಒಂದೊಂದು ಚಿತ್ರ ಮಾಡುತ್ತದೆ, ಪ್ರಿಂಟರ್ ಅದನ್ನು ಲಕೋಟೆಯ ಮೇಲೆ ಒತ್ತುತ್ತದೆ.

“ತಮ್ಮಾ, ಯಲ್ಲಮ್ಮನ ಹೆಸರು ಒಡದೈತಿ ನೋಡು,” ಅಂದರು ಪ್ರೆಸ್‌ನವರು.

“ಒಡದೈತಿ ಅಂದ್ರ ಹೆಂಗ್ರೀ ಕಾಕಾ?”

“ಬಂದು ನೋಡು. ನಾನೂರು ಲಕೋಟಿ ಛಾಪಾಗಿ ಕುಂತಾವು.”

ಹೋಗಿ ನೋಡಿದೆ. ‘ಯಲ್ಲಮ್ಮ’ ಅಂತ ಇರಬೇಕಾದ ಕಡೆ ‘ಯಲ್‌ಲಮ್‌ಮ’ ಅಂತ ಬಂದಿತ್ತು. ಒತ್ತಕ್ಷರ ಕೆಳಗೆ ಕೂರುವ ಬದಲು ಪಕ್ಕಕ್ಕೆ ಬಂದು ನಿಂತಿತ್ತು. ‘ಸಿದ್ದಪ್ಪ’ನ ‘ಸಿ’ಯಲ್ಲಿ ತಲಕಟ್ಟು ಹೋಗಿ ಗುಡಿಸು ಬರಬೇಕಲ್ವಾ? ಅಲ್ಲಿ ತಲಕಟ್ಟೂ ಇತ್ತು, ಅದರ ಮೈಮೇಲೆ ಗುಡಿಸೂ ಇತ್ತು.

ತಪ್ಪು ನನ್ನದೇ. ಹಿಂದಿನ ವಾರ ಇಮೇಜ್‌ಮ್ಯಾಜಿಕ್‌ನ ಪ್ಯಾಕೇಜನ್ನು, ಅಂದರೆ ಇನ್‌ಸ್ಟಾಲ್ ಮಾಡಲು ಸಿದ್ಧವಾಗಿ ಕಟ್ಟಿಟ್ಟ ಪ್ರೋಗ್ರಾಂ ಅನ್ನು, ಸಣ್ಣದು ಮಾಡುತ್ತೇನೆ ಅಂತ ಕೂತು, ರಾಕ್ಮ್ ಅನ್ನೋ ಲೈಬ್ರರಿಯ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಆಪ್ಷನ್ ತೆಗೆದಿದ್ದೆ. ಅದರ ವಿವರಣೆಯಲ್ಲಿ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳ ಮಾತು ಕಣ್ಣಿಗೆ ಬಿತ್ತು. ಓಹೋ, ಇದು ಉರ್ದು, ಅರೇಬಿಕ್‌ಗೆ ಬೇಕಾದದ್ದು, ಈ ಪ್ರೆಸ್‌ನಲ್ಲಿ ಉರ್ದು ಕೆಲಸ ಇಲ್ಲ, ತೆಗೆದರಾಯಿತು ಅಂದುಕೊಂಡೆ. ಮುಂದಕ್ಕೆ ಓದಲೇ ಇಲ್ಲ. ರಾಕ್ಮ್ ಒಳಗೆ ದುಡಿಯುವುದು ಹಾರ್ಫ್‌ಬಝ್. ಕನ್ನಡದ ಒತ್ತು, ಗುಣಿತ ಎಲ್ಲ ಜೋಡಿಸಿ ಕೊಡುವುದು ಅದೇ. ಅದಿಲ್ಲದಿದ್ದರೆ ಇಮೇಜ್‌ಮ್ಯಾಜಿಕ್ ಒಂದೊಂದು ಸಂಕೇತಕ್ಕೂ ಫಾಂಟ್‌ನಲ್ಲಿರುವ ಒಂದೊಂದು ಆಕಾರ ತೆಗೆದು ಸಾಲಾಗಿ ಇಡುತ್ತದೆ, ಅಷ್ಟೇ. ನಾನು ಉಳಿಸಿದ್ದು ಎರಡು ಎಂಬಿಯೂ ಇಲ್ಲ. ಹಾಳಾದದ್ದು 400 ಲಕೋಟೆ. ಅದರ ದುಡ್ಡು ನಾನೇ ಕೊಟ್ಟೆ.

ಆಮೇಲಿನಿಂದ ನಾನು ಯಾವ ಪ್ಯಾಕೇಜ್ ಕಟ್ಟಿದರೂ ಫೀಚರ್‌ಗಳನ್ನು ಹೇಗೆ ಆರಿಸುತ್ತೇನೆ ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ನನ್ನದು ದೊಡ್ಡ ಕಾರ್ಖಾನೆ ಏನಲ್ಲ. ನವನಗರದ ಮನೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ, ಅದರ ಮೇಲೆ ಡೆಬಿಯನ್ ಅನ್ನೋ ಲಿನಕ್ಸ್. ಆ ಪ್ರೆಸ್‌ಗೆ, ಎರಡು ಶಾಲೆಯ ಲ್ಯಾಬ್‌ಗೆ, ಒಂದಿಷ್ಟು ಗೆಳೆಯರಿಗೆ ಬೇಕಾದ ಪ್ಯಾಕೇಜ್ ಅದರಲ್ಲೇ ಕಟ್ಟುತ್ತೇನೆ. ಕಮಾಂಡ್‌ಗಳ ಹೆಸರನ್ನು ಕೇಳುವ ಹಾಗೇ ಕನ್ನಡದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ಹಾಸು ಯಾವುದು, ಹೊಕ್ಕು ಯಾವುದು

ನಮ್ಮ ಮನೆತನ ಗುಳೇದಗುಡ್ಡದ್ದು. ಅಜ್ಜನ ಮಗ್ಗ ಇನ್ನೂ ಇದೆ, ದೊಡ್ಡಪ್ಪ ಅದರಲ್ಲಿ ಖಣ ನೇಯುತ್ತಿದ್ದರು. ಮಗ್ಗದಲ್ಲಿ ಉದ್ದಕ್ಕೆ ಹಾಕುವ ನೂಲು ಹಾಸು, ಅಡ್ಡ ಹೋಗುವುದು ಹೊಕ್ಕು. ಲಾಳಿಯಲ್ಲಿರುವ ನೂಲು ಬದಲಿಸಿದರೆ ಹೊಕ್ಕಿನ ಬಣ್ಣ ನಡುವೆಯೇ ಬದಲಾಗುತ್ತದೆ. ಹಾಸು ಹಾಗಲ್ಲ. ಅಂಚಿಗೆ ಕೆಂಪು ಹಾಸು ಏರಿಸಿದ್ದರೆ ಅದು ಮುಗಿಯುವ ತನಕ ಅಂಚು ಕೆಂಪೇ.

ಸಾಫ್ಟ್‌ವೇರ್‌ನಲ್ಲೂ ಈ ಎರಡು ಜಾತಿ ಇವೆ. ಸೆಟ್ಟಿಂಗ್ಸ್ ಫೈಲ್‌ನಲ್ಲಿ ಬದಲಿಸಬಹುದಾದದ್ದು ಹೊಕ್ಕು. ಅದರ ಬಗ್ಗೆ ಪ್ಯಾಕೇಜ್ ಕಟ್ಟುವವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಬಳಸುವವರು ನೋಡಿಕೊಳ್ಳುತ್ತಾರೆ. ಬಿಲ್ಡ್ ಹೊತ್ತಿಗೆ, ಅಂದರೆ ಸೋರ್ಸ್ ಕೋಡ್‌ನಿಂದ ಪ್ರೋಗ್ರಾಂ ಕಟ್ಟುವಾಗ, ಆರಿಸುವ ಫೀಚರ್ ಹಾಸು. ನೀವು ಹಾಕದಿದ್ದರೆ ಬಳಸುವವರು ಏನು ಮಾಡಿದರೂ ಅದು ಬರುವುದಿಲ್ಲ. ಪ್ರೆಸ್‌ನ ಕಾಕಾ ಯಾವ ಸೆಟ್ಟಿಂಗ್ ಬದಲಿಸಿದ್ದರೂ ಆ ಒತ್ತಕ್ಷರ ಕೆಳಗೆ ಇಳಿಯುತ್ತಿರಲಿಲ್ಲ.

ಹಾಗಾಗಿ ಮೊದಲು ಹಾಸಿನ ಪಟ್ಟಿ ಬೇಕು. ಹಳೇ ಕಾಲದ ಸಿ ಪ್ರೋಗ್ರಾಂ ಆದರೆ ಕಾನ್ಫಿಗರ್ ಅನ್ನೋ ಸ್ಕ್ರಿಪ್ಟ್ ಇರುತ್ತದೆ, ಅದಕ್ಕೆ ಹೆಲ್ಪ್ ಅಂತ ಕೇಳಿ. ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ‘ಎನೇಬಲ್’ ಅಂತ ಶುರುವಾಗುವುದು ಸಾಮಾನ್ಯವಾಗಿ ಪ್ರೋಗ್ರಾಂನದೇ ಒಂದು ಭಾಗ, ‘ವಿತ್’ ಅಂತ ಶುರುವಾಗುವುದು ಹೊರಗಿನ ಲೈಬ್ರರಿ. ಸಾಮಾನ್ಯವಾಗಿ ಅಂದೆ, ಯಾಕೆಂದರೆ ಇದು ಪದ್ಧತಿ ಮಾತ್ರ, ಎಲ್ಲರೂ ಪಾಲಿಸುವುದಿಲ್ಲ. ಮೆಸನ್ ಅನ್ನೋ ಬಿಲ್ಡ್ ಸಾಧನ ಬಳಸುವ ಪ್ರಾಜೆಕ್ಟ್‌ಗಳಲ್ಲಿ ಆಪ್ಷನ್‌ಗಳಿಗೇ ಒಂದು ಫೈಲ್ ಇರುತ್ತದೆ, ಅದನ್ನು ತೆರೆದು ಓದಿದರೆ ಮುಗಿಯಿತು. ಅಂಥದೇ ಇನ್ನೊಂದು ಸಾಧನ ಸಿಮೇಕ್‌ನಲ್ಲಿ ಒಂದು ಸಲ ಕಾನ್ಫಿಗರ್ ಮಾಡಿ, ಆಮೇಲೆ ದೊಡ್ಡ ಎಲ್ ಮತ್ತು ದೊಡ್ಡ ಎಚ್ ಒಟ್ಟಿಗೆ ಕೊಟ್ಟರೆ ವಿವರಣೆ ಸಮೇತ ಪಟ್ಟಿ ಸಿಗುತ್ತದೆ. ರಸ್ಟ್ ಭಾಷೆಯ ಪ್ರೋಗ್ರಾಂ ಆದರೆ ಕಾರ್ಗೋ ಫೈಲ್‌ನ ‘ಫೀಚರ್ಸ್’ ಭಾಗ ನೋಡಿ. ರಸ್ಟ್‌ನಲ್ಲಿ ಒಂದು ಹುಷಾರು ಬೇಕು. ಅಲ್ಲಿ ‘ಡಿಫಾಲ್ಟ್’ ಅನ್ನೋ ಕಟ್ಟಿನಲ್ಲಿರುವ ಫೀಚರ್‌ಗಳು ನೀವು ಕೇಳದಿದ್ದರೂ ಬರುತ್ತವೆ. ಬೇಡ ಅಂದರೆ ‘ನೋ ಡಿಫಾಲ್ಟ್ ಫೀಚರ್ಸ್’ ಅಂತ ಬಾಯಿ ಬಿಟ್ಟು ಹೇಳಬೇಕು.

ಬಂದ ಪಟ್ಟಿಯನ್ನು ಒಂದು ಫೈಲ್‌ಗೆ ಇಳಿಸಿ ರೆಸಿಪಿಯ (ಪ್ಯಾಕೇಜ್ ಹೇಗೆ ಕಟ್ಟಬೇಕು ಅಂತ ಬರೆದ ಫೈಲ್) ಜೊತೆಗೇ ಇಟ್ಟುಬಿಡಿ. ಮುಂದಿನ ವರ್ಷನ್ ಬಂದಾಗ ಹೊಸ ಪಟ್ಟಿ ತೆಗೆದು ಎರಡಕ್ಕೂ ಡಿಫ್ ಹಾಕಿ ಹೋಲಿಸಿದರೆ ಏನು ಹೊಸದಾಗಿ ಬಂದಿದೆ, ಯಾವುದರ ಡಿಫಾಲ್ಟ್ ಬದಲಾಗಿದೆ ಅನ್ನೋದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಬಿಡುಗಡೆ ಟಿಪ್ಪಣಿಯಲ್ಲಿ ಎಲ್ಲವನ್ನೂ ಬರೆದಿರುತ್ತಾರೆ ಅಂತ ನಂಬಬೇಡಿ.

‘ಆಟೋ’ಗೆ ಬಿಡಬೇಡಿ

ಇದೊಂದನ್ನು ಪಾಲಿಸಿದರೂ ಅರ್ಧ ತಲೆನೋವು ಕಡಿಮೆ. ಬಹಳಷ್ಟು ಆಪ್ಷನ್‌ಗಳಿಗೆ ಆನ್, ಆಫ್ ಅಲ್ಲದೆ ಮೂರನೇದೊಂದು ಇರುತ್ತದೆ: ‘ಆಟೋ’. ಬಿಲ್ಡ್ ಮಾಡುವ ಯಂತ್ರದಲ್ಲಿ ಆ ಲೈಬ್ರರಿ ಸಿಕ್ಕಿದರೆ ಸೇರಿಸು, ಸಿಗದಿದ್ದರೆ ಸುಮ್ನೆ ಬಿಡು ಅಂತ ಅರ್ಥ. ತನಗೆ ತಾನೇ ಕಟ್ಟಿಕೊಳ್ಳುವವರಿಗೆ ಇದು ಅನುಕೂಲ. ಬೇರೆಯವರಿಗೆ ಕಟ್ಟಿಕೊಡುವವರಿಗೆ ಕಾಟ. ಆಪ್ಷನ್ ಅಂತ ಒಂದು ಇಲ್ಲದೆಯೇ ಹೀಗೆ ಕದ್ದು ಸೇರಿಕೊಳ್ಳುವ ಲೈಬ್ರರಿಗಳೂ ಇವೆ. ಜೆಂಟೂ ಅನ್ನೋ ಲಿನಕ್ಸ್‌ನವರು ಅದಕ್ಕೆ ‘ಆಟೋಮ್ಯಾಜಿಕ್’ ಅಂತ ಹೆಸರಿಟ್ಟಿದ್ದಾರೆ.

ನನಗೆ ಆದದ್ದು ಇದು. ಗುಳೇದಗುಡ್ಡದ ಒಂದು ಶಾಲೆಯ ಲ್ಯಾಬ್‌ಗೆ ಪಾಠದ ವಿಡಿಯೋ ತೋರಿಸಲು ಎಂಪಿವಿ ಪ್ಲೇಯರ್ ಬೇಕಿತ್ತು. ಲ್ಯಾಪ್‌ಟಾಪ್‌ನಲ್ಲೇ ಬಿಲ್ಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಸ್ ಹತ್ತಿದೆ. ಲ್ಯಾಬ್‌ನಲ್ಲಿ ನೆಟ್ ಇಲ್ಲ. ಇನ್‌ಸ್ಟಾಲ್ ಮಾಡಲು ಹೋದರೆ ಪ್ಯಾಕೇಜು ಜ್ಯಾಕ್ ಆಡಿಯೋ ಲೈಬ್ರರಿ ಕೊಡು ಅಂತ ಕೂತಿತು. ಜ್ಯಾಕ್ ಅಂದರೆ ಸ್ಟುಡಿಯೋದವರು ಬಳಸುವ ಸೌಂಡ್ ವ್ಯವಸ್ಥೆ, ಏಳನೇ ಕ್ಲಾಸಿನ ವಿಜ್ಞಾನ ಪಾಠಕ್ಕೂ ಅದಕ್ಕೂ ಏನು ಸಂಬಂಧ? ಆಮೇಲೆ ನೆನಪಾಯಿತು. ಎರಡು ವರ್ಷದ ಹಿಂದೆ ಗೆಳೆಯನ ಭಜನೆ ರೆಕಾರ್ಡಿಂಗ್‌ಗೆ ಅಂತ ನನ್ನ ಲ್ಯಾಪ್‌ಟಾಪ್‌ನಲ್ಲಿ ಜ್ಯಾಕ್ ಹಾಕಿದ್ದೆ. ಎಂಪಿವಿಯ ಬಿಲ್ಡ್ ಅದನ್ನು ನೋಡಿತು, ಸೇರಿಸಿಕೊಂಡಿತು, ನನಗೆ ಒಂದು ಮಾತೂ ಹೇಳಲಿಲ್ಲ. ಹೇಳಿತ್ತು ಅನ್ನಿ, ಬಿಲ್ಡ್ ಶುರುವಿನಲ್ಲಿ ಇನ್ನೂರು ಸಾಲಿನ ನಡುವೆ. ಯಾರು ಓದುತ್ತಾರೆ? ಬಸ್ ಹಿಡಿದು ವಾಪಸ್ ಬಂದೆ.

ಈಗ ಮಾಡುವ ಕ್ರಮ ಹೀಗಿದೆ. ಪಟ್ಟಿಯಲ್ಲಿರುವ ಪ್ರತಿ ಆಪ್ಷನ್‌ಗೂ ಆನ್ ಅಥವಾ ಆಫ್, ಎರಡರಲ್ಲಿ ಒಂದನ್ನು ನನ್ನ ಕೈಯಾರೆ ರೆಸಿಪಿಯಲ್ಲಿ ಬರೆಯುತ್ತೇನೆ. ಮೆಸನ್‌ನಲ್ಲಿ ಕೆಲಸ ಸುಲಭ. ‘ಆಟೋ ಫೀಚರ್ಸ್’ ಅನ್ನೋ ಒಂದೇ ಆಪ್ಷನ್‌ಗೆ ‘ಡಿಸೇಬಲ್ಡ್’ ಅಂದರೆ ಆಟೋ ಇರುವುದೆಲ್ಲ ಆಫ್ ಆಗುತ್ತದೆ, ಬೇಕಾದ್ದನ್ನು ಒಂದೊಂದಾಗಿ ಆನ್ ಮಾಡಿಕೊಂಡು ಬರಬಹುದು. ಮತ್ತೆ, ಮೆಸನ್‌ನಲ್ಲಿ ‘ಎನೇಬಲ್ಡ್’ ಅಂದಮೇಲೆ ಲೈಬ್ರರಿ ಸಿಗದಿದ್ದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ನಿಲ್ಲುವುದೇ ಒಳ್ಳೇದು. ಹಳೇ ಕಾನ್ಫಿಗರ್ ಸ್ಕ್ರಿಪ್ಟ್‌ಗಳು ಕೆಲವು ಸಲ ನೀವು ‘ವಿತ್’ ಅಂತ ಕೇಳಿದರೂ, ಸಿಗಲಿಲ್ಲ ಅಂತ ಒಂದು ಸಾಲು ಗೊಣಗಿ ಮುಂದೆ ಹೋಗಿಬಿಡುತ್ತವೆ. ಅಲ್ಲಿ ಕಣ್ಣಿಟ್ಟಿರಬೇಕು. ಸಿಮೇಕ್‌ನಲ್ಲಿ ಆಪ್ಷನ್ ಇಲ್ಲದೆ ಲೈಬ್ರರಿ ಹುಡುಕುತ್ತಿದ್ದರೆ, ಆ ಲೈಬ್ರರಿಯ ಹೆಸರಿನ ಜೊತೆ ‘ಡಿಸೇಬಲ್ ಫೈಂಡ್ ಪ್ಯಾಕೇಜ್’ ಅನ್ನೋ ವೇರಿಯೇಬಲ್ ಕೊಟ್ಟು ಆ ಬಾಗಿಲು ಹಾಕಬಹುದು.

ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್ ಮಾಡುವುದನ್ನೂ ಬಿಟ್ಟೆ. ಡೆಬಿಯನ್‌ನಲ್ಲಿ ಎಸ್‌ಬಿಲ್ಡ್ ಅಥವಾ ಪಿಬಿಲ್ಡರ್, ಫೆಡೋರಾ ಲಿನಕ್ಸ್‌ನಲ್ಲಿ ಮಾಕ್ ಅಂತ ಸಾಧನಗಳಿವೆ. ಪ್ರತಿ ಸಲ ಒಂದು ಖಾಲಿ ಸಿಸ್ಟಂ ಹುಟ್ಟಿಸಿ, ನೀವು ರೆಸಿಪಿಯಲ್ಲಿ ಕೇಳಿದ್ದನ್ನು ಮಾತ್ರ ಅದರೊಳಗೆ ಹಾಕಿ ಬಿಲ್ಡ್ ಮಾಡುತ್ತವೆ. ಖಾಲಿ ಮನೆಯಲ್ಲಿ ಭಜನೆಯ ಜ್ಯಾಕ್ ಎಲ್ಲಿಂದ ಬರಬೇಕು?

ಯಾರಿಗೆ ಕಟ್ಟುತ್ತಿದ್ದೀರಿ

ಗಿರ್ಮಿಟ್ ಗಾಡಿಯವನು ಒಬ್ಬೊಬ್ಬರನ್ನೂ ಕೇಳುತ್ತಾನೆ, “ಉಳ್ಳಾಗಡ್ಡಿ ಹಾಕ್ಲೇನ್ರೀ? ಖಾರ ನಡೀತೈತೇನ್ರೀ?” ಲಗ್ನದ ಅಡುಗೆಯವರು ಹಾಗೆ ಕೇಳಿಕೊಂಡು ಕೂತರೆ ಪಂಕ್ತಿ ಏಳುವುದಿಲ್ಲ. ಜೆಂಟೂ ಗಾಡಿಯ ಹಾಗೆ. ಅಲ್ಲಿ ‘ಯೂಸ್ ಫ್ಲ್ಯಾಗ್’ ಅಂತ ಇವೆ, ಬಳಸುವವರೇ ಯಾವ ಫೀಚರ್ ಬೇಕು ಅಂತ ಹೇಳುತ್ತಾರೆ, ಅವರ ಯಂತ್ರದಲ್ಲೇ ಬಿಲ್ಡ್ ಆಗುತ್ತದೆ. ಫ್ರೀಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಂನ ಪೋರ್ಟ್ಸ್‌ನಲ್ಲೂ ‘ಮೇಕ್ ಕಾನ್ಫಿಗ್’ ಅಂದರೆ ಟಿಕ್ ಮಾಡುವ ಪಟ್ಟಿ ಬರುತ್ತದೆ. ಡೆಬಿಯನ್, ಫೆಡೋರಾ ಲಗ್ನದ ಅಡುಗೆ. ಒಂದು ಸಲ ಕಟ್ಟಿದ್ದನ್ನೇ ಎಲ್ಲರೂ ಉಣ್ಣಬೇಕು. ಗಾಡಿಯವರಾದರೆ ನಿಮ್ಮ ಕೆಲಸ ಆಪ್ಷನ್‌ಗಳನ್ನು ಸರಿಯಾಗಿ ತೋರಿಸುವುದು. ಅಡುಗೆಯವರಾದರೆ ಮಾತ್ರ ಈ ಲೇಖನದ ಉಳಿದ ತಲೆನೋವು ನಿಮ್ಮದು.

ಲಗ್ನದ ಅಡುಗೆಯಲ್ಲಿ ಲೆಕ್ಕ ಸ್ವಲ್ಪ ಬೇರೆ. ಹತ್ತರಲ್ಲಿ ಏಳು ಜನರಿಗೆ ಬೇಕಾದ ಫೀಚರ್ ಅಂದರೆ ಯೋಚನೆಯೇ ಬೇಡ, ಇಡಿ. ಒಬ್ಬರಿಗೆ ಮಾತ್ರ ಬೇಕು ಅಂದಾಗ ನಾನು ಎರಡು ಕಡೆ ನೋಡುತ್ತೇನೆ. ಆ ಒಬ್ಬರಿಗೆ ಅದಿಲ್ಲದಿದ್ದರೆ ಬೇರೆ ದಾರಿ ಇದೆಯಾ? ಉಳಿದ ಒಂಬತ್ತು ಜನ ಅದಕ್ಕಾಗಿ ಏನು ಹೊರಬೇಕು? ಹೊರೆ ಒಂದು ಸಣ್ಣ ಲೈಬ್ರರಿ ಆದರೆ ಇಡುತ್ತೇನೆ. ಡೇಟಾಬೇಸ್ ಸರ್ವರ್‌ನ್ನೇ ಎಳೆದುಕೊಂಡು ಬರುತ್ತದೆ ಅಂದರೆ ಇಲ್ಲ.

2024ರ ಮೇ ತಿಂಗಳಲ್ಲಿ ಡೆಬಿಯನ್‌ನಲ್ಲಿ ಇದೇ ವಿಷಯಕ್ಕೆ ದೊಡ್ಡ ಜಗಳ ಆಯಿತು. ಪಾಸ್‌ವರ್ಡ್ ಇಡುವ ಕೀಪಾಸ್‌ಎಕ್ಸ್‌ಸಿ ಪ್ಯಾಕೇಜಿನಲ್ಲಿ ಬ್ರೌಸರ್ ಜೋಡಣೆ, ನೆಟ್‌ವರ್ಕ್, ಎಸ್‌ಎಸ್‌ಎಚ್ ಏಜೆಂಟ್ ಇಂಥ ಐಚ್ಛಿಕ ಫೀಚರ್‌ಗಳನ್ನೆಲ್ಲ ಪ್ಯಾಕೇಜ್ ನೋಡಿಕೊಳ್ಳುವವರು ಆಫ್ ಮಾಡಿದರು. ಪೂರ್ತಿ ಬೇಕಾದವರಿಗೆ ‘ಫುಲ್’ ಅನ್ನೋ ಬಾಲ ಸೇರಿಸಿ ಬೇರೆ ಪ್ಯಾಕೇಜ್ ಮಾಡಿದರು. ಪಾಸ್‌ವರ್ಡ್ ಇರುವ ಜಾಗದಲ್ಲಿ ಕಿಟಕಿ ಕಡಿಮೆ ಇದ್ದಷ್ಟೂ ಒಳ್ಳೇದು ಅನ್ನೋದು ಅವರ ವಾದ. ಪ್ರೋಗ್ರಾಂ ಬರೆದವರು ಸಿಟ್ಟಾದರು. ಅಪ್‌ಡೇಟ್ ಮಾಡಿದವರಿಗೆ ಬ್ರೌಸರ್ ಜೋಡಣೆ ಇದ್ದಕ್ಕಿದ್ದಂತೆ ಮಾಯ, ದೂರು ಬರುವುದು ಇವರ ಬಾಗಿಲಿಗೆ. ನನ್ನ ಕೇಳಿದರೆ, ಕಾರಣ ತಪ್ಪಲ್ಲ, ಮಾಡಿದ ರೀತಿ ತಪ್ಪು. ಹಳೇ ಹೆಸರಿನ ಪ್ಯಾಕೇಜ್ ಹಳೇ ಕೆಲಸವನ್ನೇ ಮಾಡಬೇಕಿತ್ತು. ಸಣ್ಣದು ಬೇಕಾದವರಿಗೆ ಹೊಸ ಹೆಸರು ಕೊಡಬಹುದಿತ್ತು. ಮನೆ ನಂಬರ್ ಅದೇ ಇಟ್ಟು ಒಳಗಿನ ಮಂದಿಯನ್ನು ಬದಲಿಸಿದ ಹಾಗೆ ಆಯಿತು ಅದು.

ಎಳೆ ಹಿಡಿದು ಎಲ್ಲಿಗೆ ಹೋಗುತ್ತದೆ ನೋಡಿ

“ಎಲ್ಲಾ ಆನ್ ಮಾಡಿಬಿಟ್ರ ಏನಾಕ್ಕೈತಿ ಅಣ್ಣಾ?” ಅಂತ ನನ್ನ ಹತ್ತಿರ ಕಲಿಯಲು ಬರುವ ಹುಡುಗ ಒಮ್ಮೆ ಕೇಳಿದ. ಅವನಿಗೆ ನಾನು ಎಕ್ಸ್‌ಝಡ್ ಕಥೆ ಹೇಳಿದೆ.

2024ರ ಮಾರ್ಚ್ 29ರಂದು ಹೊರಬಿದ್ದ ಸುದ್ದಿ ಅದು. ಎಕ್ಸ್‌ಝಡ್ ಅನ್ನೋ ಕಂಪ್ರೆಷನ್ ಸಾಧನದ 5.6.0 ಮತ್ತು 5.6.1 ವರ್ಷನ್‌ಗಳಲ್ಲಿ ಯಾರೋ ಹಿಂಬಾಗಿಲು ಇಟ್ಟಿದ್ದರು. ಗುರಿ ಇದ್ದದ್ದು ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಸರ್ವರ್ ಮೇಲೆ. ಆದರೆ ಆ ಸರ್ವರ್ ಪ್ರೋಗ್ರಾಂ, ಓಪನ್‌ಎಸ್‌ಎಸ್‌ಎಚ್, ಎಕ್ಸ್‌ಝಡ್‌ನ ಲೈಬ್ರರಿಯನ್ನು ಬಳಸುವುದೇ ಇಲ್ಲ. ಮತ್ತೆ ಹೇಗೆ ಒಳಗೆ ಬಂತು? ಸರ್ವರ್ ಶುರುವಾಯಿತು ಅಂತ ಸಿಸ್ಟಂಡಿಗೆ (ಲಿನಕ್ಸ್‌ನಲ್ಲಿ ಸರ್ವರ್‌ಗಳನ್ನು ಶುರು ಮಾಡಿ ನೋಡಿಕೊಳ್ಳುವ ಪ್ರೋಗ್ರಾಂ) ಒಂದು ಮಾತು ಹೇಳಲಿ ಅಂತ ಡೆಬಿಯನ್, ಫೆಡೋರಾ ಮುಂತಾದವರು ಮೂಲ ಕೋಡ್‌ಗೆ ಒಂದು ಪ್ಯಾಚ್ ಹಾಕಿದ್ದರು. ಅದಕ್ಕಾಗಿ ಸಿಸ್ಟಂಡಿಯ ಲೈಬ್ರರಿ ಬಂತು. ಅದರ ಬೆನ್ನಿಗೆ ಎಕ್ಸ್‌ಝಡ್‌ನ ಲೈಬ್ರರಿ ಬಂತು. ಒಂದೇ ಒಂದು ಚಿಕ್ಕ ಸಂದೇಶಕ್ಕೆ ಇಷ್ಟು ಉದ್ದದ ಮೆರವಣಿಗೆ. ಆರ್ಚ್ ಲಿನಕ್ಸ್‌ನಲ್ಲಿ ಆ ಪ್ಯಾಚ್ ಇರಲಿಲ್ಲ, ಅಲ್ಲಿನ ಎಸ್‌ಎಸ್‌ಎಚ್‌ಗೆ ಈ ಎಳೆ ಅಂಟಿರಲಿಲ್ಲ. ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆಯಲ್ಲ ಅಂತ ಆಂಡ್ರೆಸ್ ಫ್ರೋಯಿಂಡ್ ಅನ್ನೋ ಎಂಜಿನಿಯರ್ ಬೆನ್ನು ಹತ್ತಿದ್ದಕ್ಕೆ ಇದು ಸಿಕ್ಕಿಬಿತ್ತು. ಅದೇ ವರ್ಷ ಜುಲೈನಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 9.8ರಲ್ಲಿ ಆ ಸಂದೇಶ ಕಳಿಸುವ ಕೆಲಸವನ್ನು ಸಿಸ್ಟಂಡಿ ಲೈಬ್ರರಿ ಇಲ್ಲದೆಯೇ ತಾವೇ ಬರೆದುಕೊಂಡರು.

ಹಾಗಾಗಿ ಯಾವ ಆಪ್ಷನ್ ಆನ್ ಮಾಡುವ ಮೊದಲೂ ನಾನು ಎಳೆ ಹಿಡಿದು ಹೋಗುತ್ತೇನೆ. ಇದು ಯಾವ ಲೈಬ್ರರಿ ತರುತ್ತದೆ, ಆ ಲೈಬ್ರರಿ ಮತ್ತೇನು ತರುತ್ತದೆ. ಕೊನೆಯ ಕೊಂಡಿಯ ತನಕ ನೋಡಬೇಕು. ಹೊರಗಿನಿಂದ ಬಂದ ಡೇಟಾ ಓದುವ ಫೀಚರ್‌ಗಳ ಬಗ್ಗೆ, ಅಂದರೆ ನೆಟ್‌ವರ್ಕ್, ಇಮೇಜ್ ಫಾರ್ಮ್ಯಾಟ್, ಆರ್ಕೈವ್ ಬಿಚ್ಚುವವು, ಇವುಗಳ ಬಗ್ಗೆ ನಾನು ಜಾಸ್ತಿ ಜಿಪುಣ. ಪ್ರೆಸ್‌ಗೆ ಬೇಕಾದದ್ದು ಜೆಪೆಗ್, ಪಿಎನ್‌ಜಿ, ಟಿಫ್, ಪಿಡಿಎಫ್. ಇನ್ನೂ ಐವತ್ತು ಫಾರ್ಮ್ಯಾಟ್ ಯಾತಕ್ಕೆ?

ಲೈಸೆನ್ಸ್ ಕೂಡ ಈ ಎಳೆಯಲ್ಲೇ ಬರುತ್ತದೆ. ವಿಡಿಯೋ, ಆಡಿಯೋ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ತನ್ನಷ್ಟಕ್ಕೆ ಎಲ್‌ಜಿಪಿಎಲ್ ಅನ್ನೋ ಲೈಸೆನ್ಸ್ ಅಡಿಯಲ್ಲಿದೆ. ಎಕ್ಸ್264 ಅನ್ನೋ ವಿಡಿಯೋ ಎನ್‌ಕೋಡರ್ ಬೇಕು ಅಂದರೆ ‘ಎನೇಬಲ್ ಜಿಪಿಎಲ್’ ಹಾಕಬೇಕು, ಆಗ ನಿಮ್ಮ ಬಿಲ್ಡ್ ಪೂರ್ತಿ ಜಿಪಿಎಲ್ ಆಗುತ್ತದೆ. ಅದರ ಜೊತೆಗೆ ಎಫ್‌ಡಿಕೆ-ಎಎಸಿ ಅನ್ನೋ ಆಡಿಯೋ ಲೈಬ್ರರಿಯನ್ನೂ ಸೇರಿಸಿದರೆ ‘ನಾನ್‌ಫ್ರೀ’ ಅಂತ ಒಪ್ಪಿಕೊಳ್ಳಬೇಕಾಗುತ್ತದೆ, ಆ ಬೈನರಿಯನ್ನು ಬೇರೆಯವರಿಗೆ ಕೊಡುವ ಹಾಗಿಲ್ಲ. ನಿಮ್ಮ ಯಂತ್ರದಲ್ಲಿ ನೀವು ಬಳಸಿಕೊಳ್ಳಿ, ಯಾರೂ ಕೇಳುವುದಿಲ್ಲ. ಆದರೆ ಪೆನ್‌ಡ್ರೈವ್‌ನಲ್ಲಿ ಹಾಕಿ ಶಾಲೆಗೆ ಕೊಟ್ಟರೂ ಅದು ಹಂಚಿದ ಹಾಗೇ. ಎಫ್‌ಎಫ್‌ಎಂಪೆಗ್‌ನದೇ ಎಎಸಿ ಎನ್‌ಕೋಡರ್ ಇದೆ, ಪಾಠದ ಧ್ವನಿಗೆ ಅದು ಧಾರಾಳ ಸಾಕು.

ಇನ್ನು ಕೆಲವು ಕಡೆ ಇಡಬೇಕಾ ಬೇಡವಾ ಅನ್ನೋ ಪ್ರಶ್ನೆ ಅಲ್ಲ, ಇದಾ ಅದಾ ಅನ್ನೋ ಪ್ರಶ್ನೆ. ನೆಟ್‌ನಿಂದ ಫೈಲ್ ತರುವ ಕರ್ಲ್‌ಗೆ ಟಿಎಲ್‌ಎಸ್ (ಸಂಪರ್ಕವನ್ನು ಗುಟ್ಟಾಗಿಡುವ) ಲೈಬ್ರರಿ ಯಾವುದು ಅಂತ 7.77.0 ವರ್ಷನ್‌ನಿಂದ ಕಾನ್ಫಿಗರ್ ಹೊತ್ತಿಗೆ ನೀವೇ ಹೇಳಬೇಕು. ಇಂಥ ಕಡೆ ನಿಮ್ಮ ಸಿಸ್ಟಂನಲ್ಲಿ ಉಳಿದ ಪ್ಯಾಕೇಜ್‌ಗಳು ಯಾವುದನ್ನು ಬಳಸುತ್ತವೆಯೋ ಅದನ್ನೇ ಆರಿಸಿ, ಮುಂದೆ ಹೋಗಿ.

ಕನ್ನಡಕ್ಕೆ ಬೇಕಾದವು

ಇಂಗ್ಲಿಷ್‌ನಲ್ಲಿ ಬರೆದ ಯಾವ ಗೈಡ್‌ನಲ್ಲೂ ಇದು ಸರಿಯಾಗಿ ಸಿಗುವುದಿಲ್ಲ. ಯಾಕೆಂದರೆ ಅವರ ಅಕ್ಷರಕ್ಕೆ ಇದ್ಯಾವುದೂ ಬೇಡ. ‘ಕಾಂಪ್ಲೆಕ್ಸ್ ಟೆಕ್ಸ್ಟ್’, ‘ಶೇಪಿಂಗ್’, ‘ಲೇಔಟ್’ ಅನ್ನೋ ಮಾತು ಆಪ್ಷನ್‌ನ ವಿವರಣೆಯಲ್ಲಿ ಕಂಡರೆ ನಿಲ್ಲಿ. ಅದು ನಮ್ಮದು. ಹಾರ್ಫ್‌ಬಝ್, ರಾಕ್ಮ್, ಪ್ಯಾಂಗೋ ಇವುಗಳನ್ನು ಯಾವ ಕಾರಣಕ್ಕೂ ಆಫ್ ಮಾಡಬೇಡಿ. ವಿಡಿಯೋ ಮೇಲೆ ಅಕ್ಷರ ಬರೆಯುವ ಎಫ್‌ಎಫ್‌ಎಂಪೆಗ್‌ನ ಡ್ರಾಟೆಕ್ಸ್ಟ್‌ಗೂ ಹಾರ್ಫ್‌ಬಝ್ ಬೇಕು. ಪೈಥಾನ್‌ನ ಚಿತ್ರ ಲೈಬ್ರರಿ ಪಿಲ್ಲೋದಲ್ಲೂ ಕನ್ನಡ ಬರೆಯುವುದಾದರೆ ರಾಕ್ಮ್ ಇರಲೇಬೇಕು. ಟರ್ಮಿನಲ್ ಪ್ರೋಗ್ರಾಂ ಆದರೆ ಎನ್‌ಕರ್ಸಸ್ ಲೈಬ್ರರಿಯ ‘ವೈಡ್’ ರೂಪ ಬಳಸಿ, ಇಲ್ಲದಿದ್ದರೆ ಯುನಿಕೋಡ್ ಅಕ್ಷರ ನೆಟ್ಟಗೆ ಬರುವುದಿಲ್ಲ. ‘ಡಿಸೇಬಲ್ ಎನ್‌ಎಲ್‌ಎಸ್’ ಅನ್ನೋದು ನೋಡಲು ನಿರುಪದ್ರವಿ. ಹಾಕಿದರೆ ಪ್ರೋಗ್ರಾಂನ ಕನ್ನಡ ಅನುವಾದ ಇದ್ದರೂ ಬರುವುದಿಲ್ಲ. ಯಾರೋ ಪುಣ್ಯಾತ್ಮರು ಕೂತು ಮಾಡಿದ ಅನುವಾದ ಅದು.

ಪರೀಕ್ಷೆಗೆ ನಾನು ಒಂದು ಸಾಲು ಇಟ್ಟುಕೊಂಡಿದ್ದೇನೆ: ‘ಯಲ್ಲಮ್ಮ ಲಕ್ಷ್ಮೀ ಸ್ತ್ರೀ ಕರ್ನಾಟಕ ಸಿಕೋಟಿ’. ಕೊನೆಯ ಪದಕ್ಕೆ ಅರ್ಥ ಇಲ್ಲ, ಹುಡುಕಬೇಡಿ. ಒಂದೊಂದಕ್ಕೂ ಒಂದೊಂದು ಕೆಲಸ ಇದೆ. ಯಲ್ಲಮ್ಮದಲ್ಲಿ ಎರಡು ಸಜಾತೀಯ ಒತ್ತು. ಲಕ್ಷ್ಮೀ, ಸ್ತ್ರೀಯಲ್ಲಿ ಮೂರು ವ್ಯಂಜನ ಒಂದರ ಮೇಲೊಂದು, ಜೊತೆಗೆ ದೀರ್ಘ. ಕರ್ನಾಟಕದಲ್ಲಿ ಅರ್ಕಾವೊತ್ತು. ಉಚ್ಚಾರದಲ್ಲಿ ರ ಮೊದಲು ಬಂದರೂ ಬರವಣಿಗೆಯಲ್ಲಿ ಅದು ‘ನಾ’ ಆದಮೇಲೆ ಕೂರಬೇಕು, ಮುಂಚೆಯೇ ಬಂದಿದ್ದರೆ ಶೇಪಿಂಗ್ ಕೆಟ್ಟಿದೆ ಅಂತ ಅರ್ಥ. ಸಿಕೋಟಿಯಲ್ಲಿ ಗುಡಿಸು, ಮತ್ತೆ ಎರಡು ಮೂರು ತುಂಡಾಗಿ ಬರುವ ಓಕಾರದ ದೀರ್ಘ. ಈ ಸಾಲನ್ನು ಪ್ರತಿ ಬಿಲ್ಡ್ ಆದಮೇಲೆ ಚಿತ್ರ ಮಾಡಿಸಿ ಕಣ್ಣಾರೆ ನೋಡುತ್ತೇನೆ. ಯಂತ್ರಕ್ಕೆ ಒಪ್ಪಿಸಬಹುದು, ಹೋಲಿಕೆ ಮಾಡಿಸಬಹುದು. ಆದರೆ ಫಾಂಟ್ ಸ್ವಲ್ಪ ಬದಲಾದರೂ ಅದು ಕೂಗಾಡುತ್ತದೆ. ಕಣ್ಣಿಗೆ ಐದು ಸೆಕೆಂಡ್ ಸಾಕು.

ಫಾಂಟ್‌ಗಳನ್ನು ಪ್ಯಾಕೇಜಿನೊಳಗೆ ತುರುಕಬೇಡಿ. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ ಎಲ್ಲ ಬೇರೆ ಪ್ಯಾಕೇಜ್‌ಗಳಾಗಿ ಇವೆ, ‘ರೆಕಮೆಂಡ್ಸ್’ನಲ್ಲಿ (ಜೊತೆಗಿದ್ದರೆ ಒಳ್ಳೇದು ಅನ್ನೋ ಪ್ಯಾಕೇಜ್‌ಗಳ ಪಟ್ಟಿ) ಹಾಕಿದರಾಯಿತು.

ಬೇರೆ ಬಟ್ಟಲಲ್ಲಿ ಬಡಿಸಿ

ಇಡಬೇಕು, ಬಿಡಬೇಕು ಅಂತ ಎರಡೇ ದಾರಿ ಅಲ್ಲ. ಫೀಚರ್ ಪ್ಲಗಿನ್ ಆಗಿ ಬೇರೆ ಫೈಲ್‌ನಲ್ಲಿ ಹುಟ್ಟುತ್ತದೆ ಅಂದರೆ ಎಲ್ಲವನ್ನೂ ಆನ್ ಮಾಡಿ ಬಿಲ್ಡ್ ಮಾಡಿ, ಆ ಫೈಲ್‌ಗಳನ್ನು ಉಪಪ್ಯಾಕೇಜ್‌ಗೆ ಹಾಕಿ. ವೆಬ್ ಸರ್ವರ್ ಎಂಜಿನ್‌ಎಕ್ಸ್‌ನಲ್ಲಿ 2016ರ 1.9.11 ವರ್ಷನ್‌ನಿಂದ ಮಾಡ್ಯೂಲ್‌ಗಳನ್ನು ಹೀಗೆ ಬೇರೆ ಇಡಬಹುದು. ಚಿತ್ರದಲ್ಲಿರುವ ಅಕ್ಷರ ಗುರುತಿಸುವ ಟೆಸರಾಕ್ಟ್‌ನ ಕನ್ನಡ ಓದುವ ಡೇಟಾ ಡೆಬಿಯನ್‌ನಲ್ಲಿ ಬೇರೆಯೇ ಪ್ಯಾಕೇಜ್. ಬೇಕಾದವರು ಹಾಕಿಕೊಳ್ಳುತ್ತಾರೆ. ಹೀಗೆ ಒಡೆಯಲು ಬರುವುದಿಲ್ಲ, ಆದರೆ ಬೇಡಿಕೆ ಎರಡು ಥರ ಇದೆ ಅಂದಾಗ ಎರಡು ಸಲ ಬಿಲ್ಡ್ ಮಾಡುತ್ತಾರೆ. ಡೆಬಿಯನ್‌ನಲ್ಲಿ ವಿಮ್ ಎಡಿಟರ್‌ಗೆ ಟೈನಿ, ನಾಕ್ಸ್, ಜಿಟಿಕೆ3 ಅಂತ ಬೇರೆ ಬೇರೆ ಪ್ಯಾಕೇಜ್ ಇರುವುದು ಅದಕ್ಕೇ. ನಾನು ಮಾತ್ರ ಈ ದಾರಿ ಹಿಡಿಯುವುದಿಲ್ಲ. ಒಬ್ಬನೇ ಇದ್ದೇನೆ, ಎರಡೆರಡು ಬಿಲ್ಡ್ ಪರೀಕ್ಷೆ ಮಾಡುವಷ್ಟು ಪುರುಸೊತ್ತಿಲ್ಲ.

ಕಟ್ಟಿದ ಮೇಲೆ ಬಿಚ್ಚಿ ನೋಡಿ

ಕೇಳಿದ್ದು ಬಂತಾ, ಕೇಳದ್ದು ಸೇರಿತಾ ಅಂತ ಪ್ಯಾಕೇಜ್ ಆದಮೇಲೆ ನೋಡಲೇಬೇಕು. ಬಹಳಷ್ಟು ಪ್ರೋಗ್ರಾಂಗಳು ತಮ್ಮ ಜಾತಕ ತಾವೇ ಹೇಳುತ್ತವೆ. ಇಮೇಜ್‌ಮ್ಯಾಜಿಕ್‌ಗೆ ವರ್ಷನ್ ಕೇಳಿದರೆ ‘ಡೆಲಿಗೇಟ್ಸ್’ ಸಾಲಿನಲ್ಲಿ ರಾಕ್ಮ್ ಇದೆಯೋ ಇಲ್ಲವೋ ಕಾಣುತ್ತದೆ. ಅವತ್ತು ನಾನು ಇದೊಂದು ಸಾಲು ನೋಡಿದ್ದರೂ ಸಾಕಿತ್ತು. ಕರ್ಲ್ ‘ಫೀಚರ್ಸ್’ ಅಂತ ಸಾಲು ಕೊಡುತ್ತದೆ, ವಿಮ್ ಪ್ಲಸ್ ಮೈನಸ್ ಹಾಕಿ ಪಟ್ಟಿ ಕೊಡುತ್ತದೆ, ಎಫ್‌ಎಫ್‌ಎಂಪೆಗ್‌ಗೆ ‘ಬಿಲ್ಡ್‌ಕಾನ್ಫ್’, ಎಂಜಿನ್‌ಎಕ್ಸ್‌ಗೆ ದೊಡ್ಡ ವಿ.

ಜಾತಕ ಹೇಳದ ಪ್ರೋಗ್ರಾಂ ಆದರೆ ರೀಡ್‌ಎಲ್ಫ್ ಅನ್ನೋ ಕಮಾಂಡ್‌ಗೆ ಸಣ್ಣ ಡಿ ಕೊಟ್ಟು ಬೈನರಿ ತೋರಿಸಿ. ‘ನೀಡೆಡ್’ ಅಂತ ಬರುವ ಸಾಲುಗಳೇ ಅದು ನೇರವಾಗಿ ಕೇಳುವ ಲೈಬ್ರರಿಗಳು. ನಿಮ್ಮ ಪಟ್ಟಿಯಲ್ಲಿ ಇಲ್ಲದ ಹೆಸರು ಅಲ್ಲಿ ಕಂಡರೆ ಯಾರೋ ಕದ್ದು ಸೇರಿದ್ದಾರೆ. ಒಂದು ತೊಡಕಿದೆ. ಓಡುವಾಗ ತೆರೆದುಕೊಳ್ಳುವ ಪ್ಲಗಿನ್‌ಗಳು ಇಲ್ಲಿ ಕಾಣುವುದಿಲ್ಲ, ಅವುಗಳ ಅವಲಂಬನೆಯನ್ನು ನೀವೇ ನೆನಪಿಟ್ಟು ಬರೆಯಬೇಕು.

ಆಮೇಲೆ ಕಾಮೆಂಟ್. ರೆಸಿಪಿಯಲ್ಲಿ ಪ್ರತಿ ಆಪ್ಷನ್ ಮುಂದೆ ಒಂದು ಸಾಲು, ಯಾಕೆ ಅಂತ. ಏನು ಅಂತ ಬರೆದು ಪ್ರಯೋಜನ ಇಲ್ಲ, ಅದು ಆಪ್ಷನ್‌ನ ಹೆಸರಲ್ಲೇ ಇದೆ. ನನ್ನ ರೆಸಿಪಿಗಳಲ್ಲಿ ಇಂಥ ಸಾಲುಗಳಿವೆ: ‘ರಾಕ್ಮ್ ಆನ್, ಕನ್ನಡದ ಒತ್ತಿಗೆ, 400 ಲಕೋಟೆ’. ‘ಜ್ಯಾಕ್ ಆಫ್, ಲ್ಯಾಬ್‌ನಲ್ಲಿ ಯಾರೂ ಬಳಸಲ್ಲ’. ‘ಎಫ್‌ಡಿಕೆ ಆಫ್, ಹಂಚುವ ಹಾಗಿಲ್ಲ’.

ಇದ್ದದ್ದನ್ನು ತೆಗೆಯುವಾಗ ಕಾಮೆಂಟ್ ಸಾಲದು, ಕೇಳಬೇಕು. ಹೋದ ತಿಂಗಳು ಪಿಡಿಎಫ್ ತೋರಿಸುವ ಒಕ್ಯುಲರ್‌ನ ಪ್ಯಾಕೇಜ್ ಮಾಡುವಾಗ ಅದರಲ್ಲಿ ಓದಿ ಹೇಳುವ ಫೀಚರ್ ಇದೆಯಲ್ಲ, ಪಿಡಿಎಫ್ ಧ್ವನಿ ಮಾಡಿ ಕೇಳಿಸುವುದು, ಅದನ್ನು ಆಫ್ ಮಾಡೋಣ ಅಂತ ಇದ್ದೆ. ಕ್ಯೂಟಿಯ ಸ್ಪೀಚ್ ಲೈಬ್ರರಿ, ಅದರ ಹಿಂದೆ ಮಾತಾಡುವ ಎಂಜಿನ್, ಹಳೇ ಯಂತ್ರಗಳಿಗೆ ಸುಮ್ನೆ ಭಾರ ಅನ್ನಿಸಿತ್ತು. ಲ್ಯಾಬ್ ನೋಡಿಕೊಳ್ಳುವ ಮೇಡಂಗೆ ವಾಟ್ಸ್ಯಾಪ್ ಮಾಡಿದೆ, “ಮೇಡಂ, ಇದನ್ನ ಯಾರರೆ ಬಳಸ್ತಾರೇನ್ರೀ?” ನಾಲ್ಕು ದಿನ ಉತ್ತರ ಇಲ್ಲ. ಇನ್ನೇನು ತೆಗೆಯಬೇಕು, ಅಷ್ಟರಲ್ಲಿ ಉತ್ತರ ಬಂತು, “ಏಳನೇ ಕ್ಲಾಸಿನ್ಯಾಗ ಒಬ್ಬ ಹುಡುಗಗ ಕಣ್ಣು ಸರಿ ಕಾಣಂಗಿಲ್ರೀ ಸರ್. ಇಂಗ್ಲಿಷ್ ಪಾಠ ಅದರಾಗ ಕೇಳ್ತಾನ.”

ರೆಸಿಪಿಯಲ್ಲಿ ಈಗ ‘ಸ್ಪೀಚ್ ಆನ್’ ಅಂತ ಇದೆ. ಅದರ ಮುಂದಿನ ಕಾಮೆಂಟ್: ‘ಏಳನೇ ಕ್ಲಾಸ್’.